ನೀರಿಗೆ ಸಾಕ್ಷಿ ನಿಲ್ಲುವ ಬಾಟ್ಲಿಯಕ್ಕ

ಸುದ್ದಿ ಬಂದದ್ದು ಬೆಳಗಿನ ಆರೂ ಮುಕ್ಕಾಲಿಗೆ. ಬಾಟ್ಲಿಯಕ್ಕ ಆಗ ಏಳನೇ ಬಾವಿಯ ಪಕ್ಕ ಮಂಡಿಯೂರಿ ಕೂತಿದ್ದರು. ಬಾವಿ ಎಂದರೆ ಕೊಡ ಇಳಿಸಿ ನೀರು ಸೇದುವ ಬಾವಿಯಲ್ಲ. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ, ಮುಂಗೈ ದಪ್ಪದ ಒಂದು ಬಿಳಿ ಕೊಳವೆ. ಅದರ ತಲೆಗೆ ಬೀಗ ಹಾಕಿದ ಕಬ್ಬಿಣದ ಟೋಪಿ. ಅದರೊಳಗೆ ಬೆರಳು ಗಾತ್ರದ ನಳಿಗೆಯೊಂದನ್ನು ಇಳಿಬಿಟ್ಟು, ಮಗುವಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಅವರು ನೀರು ಎಳೆಯುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಸಣ್ಣ ಯಂತ್ರದ ಮುಖ ನೋಡಿ, ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಹುಳಿ ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಮೂರು ಸಲ ಒಂದೇ ಅಂಕಿ ಬಂದರೆ, ಕೊಳವೆಯಲ್ಲಿ ಸುಮ್ಮನೆ ನಿಂತಿದ್ದ ಹಳೆಯ ನೀರೆಲ್ಲ ಹೋಗಿ ನೆಲದೊಳಗಿನ ನಿಜವಾದ ನೀರು ಬಂತೆಂದು ಅರ್ಥ. ಅಂದು ಎರಡು ಸಲ ಒಂದೇ ಬಂದಿತ್ತು. ಮೂರನೆಯದಕ್ಕೆ ಇನ್ನೂ ಮೂರು ನಿಮಿಷವಿತ್ತು.

ಫೋನು ಐಸು ಪೆಟ್ಟಿಗೆಯ ಮುಚ್ಚಳದ ಮೇಲಿತ್ತು. ಅಕ್ಕನ ಕೈಗೆ ಗವಸು ಇದ್ದುದರಿಂದ, ಪಕ್ಕದಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ ಸೈಟಿನ ಎಂಜಿನಿಯರಮ್ಮನೇ ಅದನ್ನೆತ್ತಿ ಅವರ ಕಿವಿಗೆ ಹಿಡಿದರು.

"ಮಗಳೇ, ನಿಮ್ಮ ದೊಡ್ಡಪ್ಪ ಹೋಗ್ಬಿಟ್ರು ಕಣೇ," ಎಂದಿತು ಆ ಕಡೆಯ ಹೆಂಗಸಿನ ದನಿ. "ಬೆಳಗಿನ ಜಾವ. ನಿದ್ದೇಲೇ. ಒಂದು ನರಳಾಟ ಇಲ್ಲ, ಏನಿಲ್ಲ. ಹನ್ನೊಂದಕ್ಕೆ ಎತ್ತುತಾರಂತೆ. ಬಂದ್ಬಿಡು."

"ಬರ್ತೀನಿ ದೊಡ್ಡಮ್ಮ," ಎಂದರು ಅಕ್ಕ. ಅಷ್ಟರಲ್ಲಿ ಮೂರು ನಿಮಿಷ ಕಳೆದಿತ್ತು. ಯಂತ್ರ ನೋಡಿದರು. ಮೂರನೆಯ ಸಲವೂ ಅದೇ ಅಂಕಿ. ಬರೆದರು. ಬರೆದ ಅಂಕಿಯ ಮೇಲೆಯೇ ಕಣ್ಣೀರಿನ ಒಂದು ಹನಿ ಬಿತ್ತು. ಎಂಜಿನಿಯರಮ್ಮ ತಮ್ಮ ಚೀಲದಿಂದ ಒದ್ದೆ ಕಾಗದವೊಂದನ್ನು ಸರ್ರನೆ ಎಳೆದು ಕೊಟ್ಟರು. "ಮುಖ ಒರೆಸ್ಕೊಳ್ಳಿ ಅಕ್ಕಾ." ಅಕ್ಕ ಒರೆಸಿಕೊಂಡರು. ಓದುವವರು ಈ ಕಾಗದವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದರ ಮಾತು ಮುಂದೆ ಬರುತ್ತದೆ.

ಮನೆ ಕಟ್ಟುವ ಮೊದಲು ಪಾಯ ತೋಡುತ್ತಾರೆ. ಪಾಯ ತೋಡುವ ಮೊದಲು ಬಾಟ್ಲಿಯಕ್ಕ ಬರುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೊಸ ಮನೆಯ ಬಾಗಿಲು ತೆರೆಯುವ ದಿನ ಬಡಗಿಯನ್ನು ನೆನೆಯುತ್ತಾರೆ, ಗಾರೆಯವರನ್ನು ನೆನೆಯುತ್ತಾರೆ, ಬಣ್ಣ ಬಳಿದವರನ್ನೂ ನೆನೆಯುತ್ತಾರೆ. ನೆಲದಡಿಯ ನೀರನ್ನು ಸೀಸೆಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಇಲ್ಲಿ ಮನುಷ್ಯರು ಬಾಳಬಹುದೇ ಎಂದು ಮೊದಲು ಕೇಳಿದವರನ್ನು ಯಾರೂ ನೆನೆಯುವುದಿಲ್ಲ. ಬಾಟ್ಲಿಯಕ್ಕನಿಗೆ ಅದರಿಂದ ಏನೂ ಬೇಸರವಿಲ್ಲ. "ನೆನೀದೇ ಇದ್ರೇ ಒಳ್ಳೇದು," ಎಂದು ನಗುತ್ತಾರೆ. "ನಮ್ಮನ್ನ ನೆನೆಸ್ಕೊಂಡ್ರು ಅಂದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತ."

ಅಕ್ಕನಿಗೆ ಈಗ ನಲವತ್ತೇಳು. ಕುಳ್ಳಗೆ, ಗುಂಡಗೆ, ನಗುವಾಗ ಕಣ್ಣೆರಡೂ ಮುಚ್ಚಿಹೋಗುವ ಮುಖ. ಮಂಡಿಗೆ ಹಳೆಯ ರಬ್ಬರ್ ಚಾಪೆಯ ತುಂಡುಗಳನ್ನು ಕಟ್ಟಿಕೊಂಡಿರುತ್ತಾರೆ. ಸೂರ್ಯ ಏಳುವ ಮೊದಲೇ ಸೈಟಿನಲ್ಲಿರುತ್ತಾರೆ, ಏಕೆಂದರೆ ಬಿಸಿಲು ಏರಿದರೆ ನೀರು ಕೈಯಲ್ಲೇ ಬೆಚ್ಚಗಾಗಿ ಅದರಲ್ಲಿರುವುದು ಆವಿಯಾಗಿ ಹಾರಿಹೋಗುತ್ತದೆ. ದಿನಕ್ಕೆ ಐದು ಬಾವಿ. ಬಾವಿಗೆ ಎಂಟು ಸೀಸೆ. ನಲವತ್ತು ಜೊತೆ ಗವಸು. ಐಸು ತುಂಬಿದ ಪೆಟ್ಟಿಗೆಯ ತೂಕ ಹದಿನೆಂಟು ಕಿಲೋ. ಅದನ್ನು ಬಾವಿಯಿಂದ ಬಾವಿಗೆ ಹೊರುವುದೂ ಅವರೇ. ಇಪ್ಪತ್ತನಾಲ್ಕು ವರ್ಷದಲ್ಲಿ ಮೂವತ್ತೊಂದು ದಪ್ಪ ಪುಸ್ತಕ ತುಂಬಿವೆ, ಎಲ್ಲವೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿಯ ವಾಸನೆಯೂ ಸೀಸೆಗೆ ಸೇರಬಾರದು ಎಂಬುದು ಈ ಕಸುಬಿನ ಮಡಿ.

ಇನ್ನು ಮಣ್ಣಿನ ಕೆಲಸ. ಕೊರೆಯುವ ಯಂತ್ರ ನೆಲದೊಳಗಿಂದ ಮಣ್ಣನ್ನು ಇದ್ದ ಹಾಗೆಯೇ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಎತ್ತಿ ಕೊಡುತ್ತದೆ. ಅಕ್ಕ ಅದನ್ನು ಬೆಂಚಿನ ಮೇಲೆ ಮಲಗಿಸಿ ಉದ್ದಕ್ಕೆ ಸೀಳುತ್ತಾರೆ. ಮೇಲಿನ ಒಂದಡಿ ಯಾರೋ ತಂದು ಸುರಿದ ಇಟ್ಟಿಗೆ ಚೂರು, ಅದರ ಕೆಳಗೆ ಕರಿಮಣ್ಣು, ಅದರ ಕೆಳಗೆ ಕಂದು, ಕೊನೆಗೆ ಬೂದುಬಣ್ಣದ ಜೇಡಿ. "ಮೇಲಿಂದ ಕೆಳಕ್ಕೆ ಓದ್ಕೊಂಡು ಹೋದ್ರೆ ಆ ಜಾಗದ ಜಾತಕಾನೇ ಇರುತ್ತೆ. ಯಾರು ಏನು ಚೆಲ್ಲಿದ್ರು, ಯಾವಾಗ ಚೆಲ್ಲಿದ್ರು, ಎಲ್ಲಾ. ಮನುಷ್ಯರು ಮರೀತಾರೆ, ಮಣ್ಣು ಮರೆಯಲ್ಲ," ಎನ್ನುತ್ತಾರೆ.

ದಾರಿಹೋಕರಿಗೆ ಇದೊಂದು ವಿಚಿತ್ರ. ಬೇಲಿಯಾಚೆ ನಿಂತು ಇಣುಕಿ ನೋಡುತ್ತಾರೆ. ವಾರಕ್ಕೆ ಮೂರು ಜನರಾದರೂ ಕೇಳುವ ಪ್ರಶ್ನೆ ಒಂದೇ: "ಏನಮ್ಮಾ, ನಿಧಿ ಸಿಕ್ತಾ?" ಇದಕ್ಕೆ ಉತ್ತರವನ್ನು ಅಕ್ಕನಿಗೆ ಕಲಿಸಿಕೊಟ್ಟವರು ದೊಡ್ಡಮೇಸ್ತ್ರಿ. "ಸಿಕ್ತು ಸ್ವಾಮಿ, ಆದ್ರೆ ಯಾರೂ ಒಯ್ಯಲ್ಲ ಅಂತಾರೆ."

ಅಂದು ಬೆಳಗಿನ ಜಾವ ಹೋದವರು ಈ ದೊಡ್ಡಮೇಸ್ತ್ರಿಯೇ. ಅಕ್ಕನಿಗೆ ಅವರು ದೊಡ್ಡಪ್ಪ. ರಕ್ತದ ಸಂಬಂಧವಲ್ಲ, ಕಸುಬಿನ ಸಂಬಂಧ. ನೆಲಕ್ಕೆ ತೂತು ಕೊರೆದು ಕೊಳವೆ ಇಳಿಸುವುದು ಅವರ ಕೆಲಸವಾಗಿತ್ತು. ಐವತ್ತು ವರ್ಷ ನೆಲ ಕೊರೆದರೂ ಯಾರ ತಲೆಯನ್ನೂ ಕೊರೆದವರಲ್ಲ ಎಂದು ಜೊತೆಯವರು ಹೇಳುತ್ತಾರೆ. ಹಳೆಯ ಕಾಲದಲ್ಲಿ ಯಂತ್ರಗಳು ಕಡಿಮೆ. ಮಣ್ಣಿನ ಒಂದು ಹಿಡಿ ಎತ್ತಿ ಮೂಸಿ ನೋಡಿ, ಇದು ಸೀಮೆಎಣ್ಣೆ, ಇದು ಬಣ್ಣಕ್ಕೆ ಬೆರೆಸುವ ಥಿನ್ನರ್, ಇದು ಬರೀ ಕೊಳೆತ ಬೇರು ಎಂದು ಹೇಳುತ್ತಿದ್ದರಂತೆ. ಮೂಸಬಾರದು ಎಂಬ ನಿಯಮ ಬಂದದ್ದು ಆಮೇಲೆ. ಅಷ್ಟು ಹೊತ್ತಿಗೆ ಅವರ ಮೂಗು ಅದರ ಬೆಲೆ ತೆತ್ತಾಗಿತ್ತು. ಕಡೆಗಾಲದಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಸೀದರೂ ಅವರಿಗೆ ತಿಳಿಯುತ್ತಿರಲಿಲ್ಲ. "ಲಾಭಾನೇ ಆಯ್ತು ಬಿಡು. ನಿಮ್ಮ ದೊಡ್ಡಮ್ಮ ಏನು ಸೀಸಿದ್ರೂ ಚೆನ್ನಾಗಿದೆ ಅಂತೀನಿ," ಎಂದು ನಗುತ್ತಿದ್ದರು.

ಅಕ್ಕನನ್ನು ಈ ಕಸುಬಿಗೆ ತಂದವರೂ ಅವರೇ. ಹತ್ತನೇ ತರಗತಿಗೆ ಓದು ನಿಲ್ಲಿಸಿದ ಅಕ್ಕ ಆಗ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರ ಹಿಂಬದಿಯಲ್ಲಿ ಸೀಸೆ ತೊಳೆಯುತ್ತಿದ್ದರು. ದಿನಕ್ಕೆ ಮುನ್ನೂರು ಸೀಸೆ. ಬಾಟ್ಲಿಯಕ್ಕ ಎಂಬ ಹೆಸರು ಅಲ್ಲಿಯದು. ಪೆಟ್ಟಿಗೆ ತಲುಪಿಸಲು ಬಂದ ದೊಡ್ಡಮೇಸ್ತ್ರಿ, ಈ ಹುಡುಗಿ ತೊಳೆದ ಪ್ರತಿ ಸೀಸೆಯನ್ನೂ ಕಿಟಕಿಯ ಬೆಳಕಿಗೆ ಎತ್ತಿ ತಿರುಗಿಸಿ ನೋಡುವುದನ್ನು ಬಾಗಿಲಲ್ಲೇ ನಿಂತು ಕಂಡರು.

"ಯಾರಾದ್ರೂ ನೋಡು ಅಂತ ಹೇಳಿದ್ದಾರೇನಮ್ಮಾ?"

"ಇಲ್ಲ ಸಾರ್. ನೋಡದೇ ಇಟ್ರೆ ನಂಗೇ ಸಮಾಧಾನ ಆಗಲ್ಲ."

"ಹಾಗಾದ್ರೆ ನೀನು ಇಲ್ಲಿರೋಳಲ್ಲ. ನನ್ ಜೊತೆ ಬಾ."

ಹೀಗೆ ಬಂದವರು ಮೊದಲ ವರ್ಷದಲ್ಲೇ ಒಂದು ಎಡವಟ್ಟು ಮಾಡಿಕೊಂಡರು. ಇವರ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಸೀಸೆ ಹೆಚ್ಚಿಗೆ ಇರುತ್ತದೆ. ಅದರಲ್ಲಿ ಪ್ರಯೋಗಾಲಯದವರೇ ತುಂಬಿ ಮುಚ್ಚಿ ಕೊಟ್ಟ ಶುದ್ಧ ನೀರು. ಅದನ್ನು ಯಾರೂ ತೆರೆಯುವುದಿಲ್ಲ. ಪೆಟ್ಟಿಗೆಯ ಜೊತೆ ಸೈಟಿಗೆ ಹೋಗುತ್ತದೆ, ದಿನವೆಲ್ಲ ಇರುತ್ತದೆ, ಉಳಿದ ಸೀಸೆಗಳ ಜೊತೆ ಹಿಂದಿರುಗಿ ಪರೀಕ್ಷೆಗೆ ನಿಲ್ಲುತ್ತದೆ. ಅದರಲ್ಲಿ ಏನಾದರೂ ಕಂಡುಬಂದರೆ ಅದು ನೆಲದ ತಪ್ಪಲ್ಲ, ತಂದವರ ತಪ್ಪು. ದೊಡ್ಡಮೇಸ್ತ್ರಿ ಅದಕ್ಕೆ ಸಾಕ್ಷಿ ಬಾಟ್ಲಿ ಎಂದು ಹೆಸರಿಟ್ಟಿದ್ದರು. ಒಂದು ದಿನ ಅಕ್ಕ ಜನರೇಟರಿನ ಪೆಟ್ರೋಲ್ ಕ್ಯಾನನ್ನು ವ್ಯಾನಿನಲ್ಲಿ ಐಸು ಪೆಟ್ಟಿಗೆಯ ಪಕ್ಕಕ್ಕೇ ಇಟ್ಟರು. ಮುಚ್ಚಳ ಬಿಗಿಯಾಗೇ ಇತ್ತು. ಆದರೂ ವಾರದ ಮೇಲೆ ವರದಿ ಬಂತು: ಆ ದಿನದ ಐದು ಬಾವಿಯಲ್ಲೂ ಪೆಟ್ರೋಲಿನ ಸುಳಿವು, ಸಾಕ್ಷಿ ಬಾಟ್ಲಿಯಲ್ಲೂ ಅಷ್ಟೇ.

"ಅವತ್ತು ಕೆಲಸ ಹೋಯ್ತು ಅಂತಾನೇ ಅಂದ್ಕೊಂಡೆ," ಎಂದು ಅಕ್ಕ ನೆನೆಯುತ್ತಾರೆ. "ದೊಡ್ಡಪ್ಪ ಬಯ್ಯಲಿಲ್ಲ. ಪುಸ್ತಕ ತೆಗಿ ಅಂದ್ರು. ಕ್ಯಾನ್ ಎಲ್ಲಿಟ್ಟಿದ್ದೆ, ಎಷ್ಟು ಹೊತ್ತು ಇಟ್ಟಿದ್ದೆ, ನಿನ್ ಕೈಯಲ್ಲೇ ಬರಿ ಅಂದ್ರು. ಬರೆದ್ಮೇಲೆ, ಐದು ಬಾವೀನೂ ಮತ್ತೆ ಮಾಡೋಣ ನಡಿ ಅಂದ್ರು. ದಾರಿ ಉದ್ದಕ್ಕೂ ಜೋಕು. ತಪ್ಪು ಮಾಡದೇ ಇರೋರು ನಂಗೆ ಬೇಡ ಕಣೇ, ಅಂಥೋರು ಸುಳ್ಳು ಹೇಳ್ತಿರ್ತಾರೆ. ಮಾಡಿದ್ದನ್ನ ಬರೆದಿಡೋರು ಬೇಕು ಅಂದ್ರು."

ಅಂದಿನಿಂದ ಇಂದಿನವರೆಗೆ ಕೆಲಸದ ದಿನ ಅಕ್ಕ ಮುಖಕ್ಕೆ ಪೌಡರ್ ಹಾಕಿದವರಲ್ಲ. ವಾಸನೆಯ ಸೋಪಿಲ್ಲ, ಕೈಗೆ ಎಣ್ಣೆಯಿಲ್ಲ, ಕ್ರೀಮಿಲ್ಲ. ಬಟ್ಟೆಗೆ ಬರೀ ಬಾರ್ ಸೋಪು. ಪೆಟ್ರೋಲ್ ಬಂಕಿಗೆ ಹೋಗಬೇಕಾದರೆ ಹಿಂದಿನ ದಿನವೇ ಹೋಗಬೇಕು. ಮನೆಯಲ್ಲಿ ಅತ್ತೆಗೆ ಇದು ಒಂದು ದೊಡ್ಡ ದೂರು. ಅತ್ತೆಗೆ ಎಂಬತ್ತರ ಹತ್ತಿರ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಶಾಲೆಯ ವ್ಯಾನು ಓಡಿಸುವ ಗಂಡ ಅಡುಗೆಮನೆಯಲ್ಲಿ ಬೆಳಗಿನ ತಿಂಡಿಗೆ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಅತ್ತೆ ಬಾಗಿಲ ಬಳಿಯ ಮೋಡದಂಥ ಮೆತ್ತೆಯ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಾರೆ:

"ನನ್ ಸೊಸೆ ಇಪ್ಪತ್ನಾಲ್ಕು ವರ್ಷದಿಂದ ದಿನಾ ನೀರು ತರೋಕೆ ಹೋಗ್ತಾಳೆ ನೋಡಿ. ಒಂದು ಕೊಡ ಮನೆಗೆ ಬಂದಿದ್ದಿಲ್ಲ."

"ಆ ನೀರು ನೀವು ಕುಡಿದ್ರೆ ನಾನೇ ಜೈಲಿಗೆ ಹೋಗಬೇಕಾಗುತ್ತೆ ಅತ್ತೆ," ಎಂದು ಅಕ್ಕ ಒಳಗಿಂದಲೇ ಕೂಗುತ್ತಾರೆ.

"ಹೋಗು, ಅಲ್ಲಾದ್ರೂ ಒಂಚೂರು ಪೌಡರ್ ಹಾಕ್ಕೋ."

ಹೊರಗಿನವರಿಗೆ ಜಗಳದಂತೆ ಕೇಳುತ್ತದೆ. ಆದರೆ ಮುಂಜಾನೆ ನಾಲ್ಕಕ್ಕೆ ಸೊಸೆಯ ರಬ್ಬರ್ ತುಂಡುಗಳಿಗೆ ಹೊಸ ಪಟ್ಟಿ ಹೊಲಿದು ಬಾಗಿಲ ಬಳಿ ಇಟ್ಟಿರುವವರೂ ಈ ಅತ್ತೆಯೇ.

ಕಷ್ಟವಿಲ್ಲವೇ ಎಂದರೆ ಇದೆ. ಸೈಟುಗಳಲ್ಲಿ ಹೆಂಗಸರಿಗೆ ಶೌಚಾಲಯವಿರುವುದಿಲ್ಲ. ಅದಕ್ಕಾಗಿಯೇ ನೀರಿನ ಕೆಲಸ ಮಾಡುವ ಈ ಹೆಣ್ಣುಮಗಳು ಮಧ್ಯಾಹ್ನದವರೆಗೆ ಗುಟುಕು ನೀರು ಕುಡಿಯುವುದಿಲ್ಲ. ಕಾವಲು ನಾಯಿಗಳಿಗೆ ಇವರ ಬೂಟು ಬಹಳ ಇಷ್ಟ. ಸೊಂಟ ಎರಡು ಸಲ ಹಿಡಿದುಕೊಂಡಿದೆ. ಕೆಲವು ಕಡೆ ಮಾಲೀಕರಿಗೆ ಇವರನ್ನು ಕಂಡರೆ ಆಗುವುದಿಲ್ಲ, ಅಪಶಕುನ ಕಂಡಂತೆ ಮುಖ ತಿರುಗಿಸುತ್ತಾರೆ. "ಪಾಪ, ಅವರಿಗೂ ಭಯ," ಎನ್ನುತ್ತಾರೆ ಅಕ್ಕ. "ಡಾಕ್ಟರ ಹತ್ರ ಹೋದವರು ಡಾಕ್ಟರನ್ನೇ ಬಯ್ಯಲ್ವಾ, ಹಾಗೆ."

ಈಗ ಆ ಏಳನೇ ಬಾವಿಗೆ ಬರೋಣ. ಅದು ನಿಂತಿರುವ ಜಾಗದಲ್ಲಿ ಮೊದಲು ಲೋಹದ ಬಿಡಿಭಾಗಗಳನ್ನು ತೊಳೆದು ಹೊಳಪು ಕೊಡುವ ಒಂದು ಕಾರ್ಖಾನೆಯಿತ್ತು. ಜಿಡ್ಡು ತೆಗೆಯುವ ದ್ರಾವಣವನ್ನು ಮೂವತ್ತು ವರ್ಷ ಹಿಂಬಾಗಿಲಿನಿಂದ ಹೊರಗೆ ಚೆಲ್ಲಿದರು. ಅದು ನೀರಿಗಿಂತ ಭಾರ; ನೆಲದೊಳಗೆ ಇಳಿಯುತ್ತಲೇ ಹೋಗುತ್ತದೆ. ಕಾರ್ಖಾನೆ ಮುಚ್ಚಿತು. ಈಗ ಅಲ್ಲಿ ನಲವತ್ತೆರಡು ಮನೆ ಏಳಬೇಕು, ಹಿಂಬಾಗಿಲಿದ್ದ ಕಡೆಯೇ ಕೂಸುಗಳನ್ನು ನೋಡಿಕೊಳ್ಳುವ ಮನೆ, ಅದರ ಮುಂದೆ ಆಟದ ಬಯಲು. ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದರು. ಎರಡು ವರ್ಷ ನೀರನ್ನು ಎತ್ತಿ ಶುದ್ಧ ಮಾಡಿದರು. ಆಮೇಲೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಸತತವಾಗಿ ನಾಲ್ಕು ಸಲ ಶುದ್ಧ ಬಂದರೆ ಕಟ್ಟಬಹುದು. ನಡುವೆ ಏನೇ ಕಂಡರೂ ಮತ್ತೆ ಒಂದರಿಂದ ಎಣಿಕೆ, ಮತ್ತೆ ಒಂದು ವರ್ಷ. ಮೂರು ಸಲ ಶುದ್ಧ ಬಂದಿತ್ತು. ಅಂದು ನಾಲ್ಕನೆಯದು. ಹದಿಮೂರು ಬಾವಿ ಹಿಂದಿನ ದಿನಗಳಲ್ಲೇ ಮುಗಿದಿದ್ದವು. ಉಳಿದದ್ದು ಏಳನೆಯದೊಂದು. ಆ ಸುತ್ತಿಗೆ ಅದೇ ಕೊನೆಯ ದಿನ. ಸಂಜೆ ನಾಲ್ಕರೊಳಗೆ ಪೆಟ್ಟಿಗೆ ಪ್ರಯೋಗಾಲಯ ಸೇರಬೇಕು.

ಬಾವಿಗಳಿಗೆ ಅಂಕಿಯಷ್ಟೇ ಅಲ್ಲ, ಹೆಸರೂ ಇಡುವುದು ದೊಡ್ಡಮೇಸ್ತ್ರಿಯ ಪದ್ಧತಿ. ಬೇಗ ನೀರು ಕೊಡುವುದು ತಂಗಿ. ಗಳಗಳ ಸದ್ದು ಮಾಡುವುದು ಅತ್ತೆ. ಏಳನೆಯದು ಅಳಿಯ. ಎಷ್ಟು ಉಪಚಾರ ಮಾಡಿದರೂ ಮುನಿಸು, ಅವಸರ ಮಾಡಿದರೆ ತಳ ಕದಡಿ ನೀರನ್ನೆಲ್ಲ ಕೆಂಪಗೆ ಮಾಡಿಕೊಂಡು ಕೂರುವ ಜಾತಿ. ದೊಡ್ಡಮೇಸ್ತ್ರಿ ತಮ್ಮ ಕೈಯಿಂದ ಕೊರೆದ ಕೊನೆಯ ಬಾವಿಯೂ ಅದೇ. ಹಾಸಿಗೆ ಹಿಡಿದ ಮೇಲೂ ಅಕ್ಕ ನೋಡಲು ಹೋದಾಗಲೆಲ್ಲ ಕೇಳುತ್ತಿದ್ದ ಮೊದಲ ಮಾತು, "ಅಳಿಯ ಏನಂತಾನೆ?" ತೀರಿಕೊಳ್ಳುವ ಎರಡು ದಿನ ಮುಂಚೆಯೂ ಅದನ್ನೇ ಕೇಳಿದ್ದರು. "ನಾಲ್ಕನೇದು ಮುಗಿಲಿ ದೊಡ್ಡಪ್ಪ, ಬಂದು ಹೇಳ್ತೀನಿ," ಎಂದು ಅಕ್ಕ ಮಾತು ಕೊಟ್ಟು ಬಂದಿದ್ದರು.

ಸುದ್ದಿ ಬಂದ ಮೇಲೆ ಅಕ್ಕ ಸೀಸೆಗಳನ್ನು ತುಂಬಿದರು. ಹೆಬ್ಬೆರಳಿಗಿಂತ ತುಸು ದಪ್ಪನೆಯ ಗಾಜಿನ ಸೀಸೆ. ನೀರು ಬಾಯಿಯ ಮಟ್ಟ ಮೀರಿ ಬೆನ್ನುಬ್ಬಿಸಿ ನಿಲ್ಲುವ ತನಕ ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ, ಬೆರಳಿನಿಂದ ಎರಡು ಸಲ ತಟ್ಟಿ ನೋಡಬೇಕು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಬೇಕು. ನೀರಿನಲ್ಲಿರುವ ಕೆಟ್ಟದ್ದು ಆ ಗುಳ್ಳೆಯೊಳಗೆ ಜಾರಿ ಅವಿತುಕೊಳ್ಳುತ್ತದೆ. ಅಂದು ಗುಳ್ಳೆ ಬರಲಿಲ್ಲ. ಅಳಿಯ ಎಂದೂ ಇಲ್ಲದ ಹಾಗೆ ಸಲೀಸಾಗಿ ನೀರು ಕೊಟ್ಟಿದ್ದ. ಕೊನೆಯ ಸೀಸೆ ತಟ್ಟಲು ಮುಖದ ಹತ್ತಿರ ತಂದಾಗ ಅಕ್ಕನ ಕೈ ನಿಂತಿತು.

ಗುಲಾಬಿ ಹೂವಿನ ವಾಸನೆ.

ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಬಯಲು. ಅಕ್ಕ ಗವಸನ್ನು ಮೂಗಿನ ಬಳಿ ಹಿಡಿದರು. ನಳಿಗೆಯ ತುದಿಯನ್ನು ನೋಡಿದರು. ಎಂಜಿನಿಯರಮ್ಮನ ಕೈಯಲ್ಲಿದ್ದ ಒದ್ದೆ ಕಾಗದದ ಪೊಟ್ಟಣವನ್ನು ನೋಡಿದರು. ಕಣ್ಣೊರೆಸಿದ ಆ ಗವಸಿನಲ್ಲೇ ನಳಿಗೆಯನ್ನು ಹಿಡಿದಿದ್ದರು, ಅದೇ ಕೈಯಲ್ಲಿ ಸೀಸೆ ತುಂಬಿದ್ದರು. ಇಪ್ಪತ್ತನಾಲ್ಕು ವರ್ಷ ಮುಖಕ್ಕೆ ಪೌಡರ್ ಹಾಕದ ಹೆಂಗಸು, ಕಣ್ಣೀರೊರೆಸಿದ ಒಂದು ಕಾಗದದಿಂದ ನೀರು ಕೆಡಿಸಿಕೊಂಡಿದ್ದರು.

"ಇದು ಆಗಲ್ಲ ಮೇಡಂ. ಮತ್ತೆ ಮಾಡಬೇಕು."

"ಅಯ್ಯೋ, ಇಷ್ಟಕ್ಕಾ? ಅದು ಬರೀ ಸೆಂಟ್ ಅಕ್ಕಾ. ನಾವು ಹುಡುಕ್ತಿರೋದು ಬೇರೇನೇ ಅಲ್ವಾ?"

"ಬೇರೇನೇ. ಆದ್ರೆ ಸೆಂಟಲ್ಲಿ ಏನೇನಿರುತ್ತೋ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ವರದೀಲಿ ಏನೋ ಒಂದು ಮೂತಿ ತೋರಿಸಿದ್ರೆ, ಅದು ಕಾಗದದ್ದಾ ನೆಲದ್ದಾ ಅಂತ ಯಾರು ಹೇಳ್ತಾರೆ?"

"ಎಷ್ಟು ಹೊತ್ತಾಗುತ್ತೆ?"

ಅಕ್ಕ ಬಾವಿಯ ಕಡೆ ನೋಡಿದರು. ಗವಸು ಬದಲಿಸಿದರೆ ಸಾಲದು. ನಳಿಗೆಯನ್ನೇ ಹೊರಗೆಳೆದು ಹೊಸದನ್ನು ಇಳಿಸಬೇಕು. ಇಳಿಸಿದರೆ ತಳ ಕದಡುತ್ತದೆ. ಅದು ತಿಳಿಯಾಗಿ, ಮೂರು ಸಲ ಒಂದೇ ಅಂಕಿ ಬರಬೇಕಾದರೆ ಬೇರೆ ಬಾವಿಗೆ ಒಂದು ಗಂಟೆ, ಅಳಿಯನಿಗೆ ಮೂರು. ದೊಡ್ಡಪ್ಪನ ಮನೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಈಗ ಏಳೂಕಾಲು. ಲೆಕ್ಕ ಹಾಕಲು ಪೆನ್ಸಿಲ್ ಬೇಕಿರಲಿಲ್ಲ. ಎಂಜಿನಿಯರಮ್ಮನಿಗೂ ಲೆಕ್ಕ ತಿಳಿಯಿತು. ಅವರ ಕಣ್ಣಲ್ಲೂ ನೀರು ಬಂತು. "ನನ್ನಿಂದ ಆಯ್ತು, ನಾನೇ ಕೊಟ್ಟೆ," ಎಂದು ಬಿಕ್ಕತೊಡಗಿದರು.

"ಸುಮ್ನಿರಿ ಮೇಡಂ. ಇಬ್ರೂ ಅಳ್ತಾ ಕೂತ್ರೆ ಕಾಗದ ಯಾರ ಹತ್ರ ಕೇಳೋದು?" ಎಂದರು ಅಕ್ಕ. ಅಳುತ್ತಿದ್ದವರಿಬ್ಬರೂ ನಕ್ಕುಬಿಟ್ಟರು.

ನಂತರ ದೊಡ್ಡಮ್ಮನಿಗೆ ಫೋನು ಮಾಡಿದರು. ಈ ಸಲ ಫೋನನ್ನು ತಾವೇ ಹಿಡಿದು, ಹತ್ತು ಮಾರು ದೂರ ಹೋಗಿ.

"ದೊಡ್ಡಮ್ಮ, ನಂಗೆ ಹನ್ನೊಂದಕ್ಕೆ ಬರೋಕಾಗಲ್ಲ. ನೀರು ಕೆಡಿಸ್ಕೊಂಡೆ. ಮತ್ತೆ ಮೊದಲಿಂದ."

ಆ ಕಡೆಯಿಂದ ದೊಡ್ಡಮ್ಮ ಕೇಳಿದ್ದು ಒಂದೇ ಮಾತು.

"ಯಾವುದು, ಅಳಿಯನಾ?"

"ಹೂಂ."

"ಕಾಯ್ರಿ ಅಂತ ಹೇಳಿ ನೋಡ್ತೀನಿ. ಆದ್ರೆ ಊರಿಂದ ಬಂದವರಿಗೆಲ್ಲ ಅವಸರ, ಕಾಯೋದು ಕಷ್ಟ. ನೀನು ಮಾತ್ರ ಬಿಟ್ಟು ಬರಬೇಡ ಕಣೇ. ಅರ್ಧಕ್ಕೆ ಬಿಟ್ಟು ಬಂದೆ ಅಂತ ಗೊತ್ತಾದ್ರೆ ಎದ್ದು ಕೂತು ಬಯ್ತಾರೆ ಅವರು. ಮುಗಿಸ್ಕೊಂಡು ಬಾ."

ಅಕ್ಕ ಮೊದಲು ಪುಸ್ತಕ ತೆಗೆದರು. ವಾಸನೆಯ ಕಾಗದದಿಂದ ಮುಖ ಒರೆಸಿದೆ, ಗವಸು ಬದಲಿಸಲಿಲ್ಲ, ತಪ್ಪು ನನ್ನದು ಎಂದು ಬರೆದು, ಗಂಟೆ ನಿಮಿಷ ಹಾಕಿದರು. ತುಂಬಿದ ಸೀಸೆಗಳಲ್ಲಿ ಒಂದನ್ನು ಉಳಿಸಿ ಅದಕ್ಕೆ 'ಅನುಮಾನ' ಎಂದು ಚೀಟಿ ಅಂಟಿಸಿ, ಅದನ್ನೂ ಪರೀಕ್ಷೆಗೆ ಕಳಿಸಲೆಂದು ಬೇರೆ ಚೀಲದಲ್ಲಿಟ್ಟರು. ಮಿಕ್ಕವನ್ನು ಚೆಲ್ಲಿದರು. ಮುಖ ಕೈ ಬರೀ ನೀರಿನಲ್ಲಿ ತೊಳೆದು, ಹೊಸ ಗವಸು ತೊಟ್ಟು, ಹೊಸ ನಳಿಗೆ ಇಳಿಸಿದರು. ನಿರೀಕ್ಷಿಸಿದ ಹಾಗೆಯೇ ಅಳಿಯ ಮುನಿಸಿಕೊಂಡ. ಒಂದು ಗಂಟೆ ಕೆನ್ನೀರು. ಎರಡನೇ ಗಂಟೆಯಲ್ಲಿ ಅಂಕಿಗಳು ಒಂದಕ್ಕೊಂದು ಕೂಡಲಿಲ್ಲ. ನೀರೆಳೆಯುವ ಸಣ್ಣ ಪಂಪಿನ ವೇಗವನ್ನು ಒಂದು ಕೂದಲೆಳೆ ಏರಿಸಿದ್ದರೆ ಬೇಗ ಆಗುತ್ತಿತ್ತೋ ಏನೋ, ಏರಿಸಲಿಲ್ಲ. "ಇವತ್ತೊಂದಿನ ಬೇಗ ಬಾರಪ್ಪ," ಎಂದು ಅವರು ಆ ಕೊಳವೆಯ ಬಾಯಿಗೆ ಬಗ್ಗಿ ಹೇಳಿದ್ದನ್ನು ಎಂಜಿನಿಯರಮ್ಮ ಕೇಳಿಸಿಕೊಂಡಿದ್ದಾರೆ.

ಮೂರನೆಯ ಸಲ ಅದೇ ಅಂಕಿ ಬಂದಾಗ ಹತ್ತೂ ನಲವತ್ತು. ಸೀಸೆಗಳು ತುಂಬಿ, ತಟ್ಟಿ, ಐಸಿನಲ್ಲಿ ಮಲಗಿ, ಬಾವಿಗೆ ಬೀಗ ಬಿದ್ದಾಗ ಹನ್ನೊಂದು ಕಳೆದಿತ್ತು. ಪೆಟ್ಟಿಗೆಯನ್ನು ಪ್ರಯೋಗಾಲಯಕ್ಕೆ ತಾವೇ ಒಯ್ಯುತ್ತೇನೆಂದು ಎಂಜಿನಿಯರಮ್ಮ ಚೀಟಿಯಲ್ಲಿ ಸಹಿ ಹಾಕಿ ತೆಗೆದುಕೊಂಡರು. ಅದಕ್ಕೂ ಮೊದಲು ಕಾಗದದ ಪೊಟ್ಟಣವನ್ನು ಕಾವಲುಗಾರನ ಕೋಣೆಯಲ್ಲಿ ಬಿಟ್ಟು, ಕೈಯನ್ನು ಮೂರು ಸಲ ತೊಳೆದರು.

ಬಾಟ್ಲಿಯಕ್ಕ ಹೋಗಿ ಸೇರಿದಾಗ ಎಲ್ಲವೂ ಮುಗಿದಿತ್ತು. ಜನ ಹೋಗಿದ್ದರು. ಹೊಸ ಮಣ್ಣಿನ ದಿಬ್ಬದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ದೊಡ್ಡಮ್ಮ. ಎಲ್ಲರೂ ಮನೆಗೆ ಬನ್ನಿ ಎಂದರೂ ಎದ್ದಿರಲಿಲ್ಲವಂತೆ. ಅಕ್ಕನ ಬೂಟಿಗೆ ಅಂಟಿದ ಕೆಸರು ನೋಡಿ, "ಬಂದ್ಯಾ" ಎಂದರು. "ಮುಖ ಹೇಗಿತ್ತು ಗೊತ್ತಾ? ಈಗೇನೋ ಒಂದು ಜೋಕ್ ಹೇಳ್ತಾರೆ ಅನ್ನೋ ಥರ ಇತ್ತು."

ಅಕ್ಕ ಮಂಡಿಯೂರಿ ಕೂತರು. ಒಂದು ಹಿಡಿ ಮಣ್ಣು ಎತ್ತಿಕೊಂಡರು, ಹಾಕುವುದಕ್ಕೆಂದು. ಆದರೆ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಹೆಬ್ಬೆರಳಿನಿಂದ ಮಣ್ಣನ್ನು ಅಂಗೈಯಲ್ಲಿ ಉಜ್ಜಿ, ಹರಡಿ, ಬೆಳಕಿಗೆ ಹಿಡಿದು ನೋಡಿತು. ಕೊನೆಗೆ, ಮೂಸಬಾರದು ಎಂಬ ನಿಯಮ ಇದ್ದರೂ, ಮೂಗಿನ ಬಳಿಗೂ ಒಯ್ದಿತು. ಒಣ ಎಲೆಯ ವಾಸನೆ, ಬೇರಿನ ವಾಸನೆ, ಮಳೆ ನೆನಪಿಟ್ಟುಕೊಂಡ ಮಣ್ಣಿನ ವಾಸನೆ. ಬೇರೇನೂ ಇಲ್ಲ.

"ಒಳ್ಳೆ ಮಣ್ಣು ದೊಡ್ಡಮ್ಮ," ಎಂದರು. "ಮೇಲೆ ಎರಡಡಿ ಕಂದು, ಕೆಳಗೆ ಹಳದಿ ಜೇಡಿ. ಯಾರೂ ಏನೂ ಚೆಲ್ಲಿಲ್ಲ. ಕ್ಲೀನಾಗಿದೆ."

ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ರಿಪೋರ್ಟ್ ಕೊಟ್ಟೆಯಾ ತಾಯಿ," ಎಂದರು. "ಇನ್ನು ನೆಮ್ಮದಿಯಾಗಿ ಮಲಗ್ತಾರೆ ಬಿಡು. ಇಲ್ಲಾಂದ್ರೆ ತಾವೇ ಎದ್ದು ಕೊರೆದು ನೋಡ್ತಿದ್ರು."

ಒಂಬತ್ತನೆಯ ದಿನ ಪ್ರಯೋಗಾಲಯದಿಂದ ಫೋನು ಬಂತು. ಮಾತಾಡಿದವರು ಅಲ್ಲಿಯ ಹಳೆಯ ಪರೀಕ್ಷಕರು. ಅಕ್ಕ ಸೀಸೆ ತೊಳೆಯುತ್ತಿದ್ದ ಕಾಲದಿಂದ ಬಲ್ಲವರು. "ಯಾರು ಬಾಟ್ಲಿಯಕ್ಕಾ, ಬಾವಿಗೆ ಸೆಂಟ್ ಹೊಡೆದು ಮದುವೆಗೆ ಹೊರಡಿಸಿದ್ದು?" ಎಂದು ಕೇಳಿದರು. 'ಅನುಮಾನ'ದ ಸೀಸೆಯಲ್ಲಿ ಇರಬಾರದ ಮೂರು ಪದಾರ್ಥ ಕಂಡಿದ್ದವಂತೆ. ಅದೊಂದನ್ನೇ ಕಳಿಸಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಎರಡನೆಯ ಸಲ ತುಂಬಿದ ಸೀಸೆಗಳಲ್ಲಿ ಏನೂ ಇಲ್ಲ. ಹದಿನಾಲ್ಕು ಬಾವಿಯಲ್ಲೂ ಏನೂ ಇಲ್ಲ. ಸಾಕ್ಷಿ ಬಾಟ್ಲಿಯಲ್ಲೂ ಏನೂ ಇಲ್ಲ.

ಈಗ ಅಲ್ಲಿ ಪಾಯ ತೋಡುತ್ತಿದ್ದಾರೆ. ಎಂಜಿನಿಯರಮ್ಮ ತಮ್ಮ ಚೀಲದಲ್ಲಿ ಒಂದು ಸಾದಾ ಹತ್ತಿ ಬಟ್ಟೆಯನ್ನು ಮಡಿಸಿ ಇಟ್ಟುಕೊಂಡಿರುತ್ತಾರೆ. ಬಾಟ್ಲಿಯಕ್ಕನ ಅತ್ತೆ ಬಾರ್ ಸೋಪಿನಲ್ಲಿ ಒಗೆದು ಕಳಿಸಿದ್ದು, "ಅಳೋದಿದ್ರೆ ಇದರಲ್ಲಿ ಅಳಿ" ಎಂಬ ಮಾತಿನ ಸಮೇತ. ಕೂಸುಗಳ ಮನೆಯ ಗೋಡೆಯ ಮೇಲೆ ದೊಡ್ಡಮೇಸ್ತ್ರಿಯ ಹೆಸರು ಬರೆಸೋಣವೇ ಎಂದು ಎಂಜಿನಿಯರಮ್ಮ ಕೇಳಿದಾಗ ಅಕ್ಕ ಬೇಡವೆಂದರು. ಅವರ ಆಸೆ ಬೇರೆ, ಬಹಳ ಸಣ್ಣದು.

"ಏಳನೇ ಬಾವಿ ಮುಚ್ಚಳದ ಮೇಲೆ ಟೈಲ್ಸ್ ಹಾಕ್ಬೇಡಿ ಅಷ್ಟೇ. ಮಕ್ಕಳು ಆಡ್ತಿರ್ತವೆ. ವರ್ಷಕ್ಕೊಂದ್ಸಲ ನಾನು ಬಂದು, ಒಂದು ಪಕ್ಕದಲ್ಲಿ ಕೂತು, ಸದ್ದಿಲ್ಲದೆ ನೀರು ನೋಡ್ಕೊಂಡು ಹೋಗ್ತೀನಿ. ಅವರಿಗೆ ಗೊತ್ತೂ ಆಗಬಾರದು."

ವರದಿ ಕೈಗೆ ಬಂದ ಸಂಜೆ ಅಕ್ಕ ಅದನ್ನು ಮಡಿಸಿಕೊಂಡು ದೊಡ್ಡಮ್ಮನ ಮನೆಗೆ ಹೋಗಿದ್ದರು. ಕೊಟ್ಟ ಮಾತು ಬಾಕಿ ಇತ್ತಲ್ಲ. ಬಾಗಿಲು ತೆರೆದ ದೊಡ್ಡಮ್ಮ ಕೂರು ಎನ್ನಲಿಲ್ಲ, ಕುಶಲ ಕೇಳಲಿಲ್ಲ. ಇಷ್ಟು ವರ್ಷ ಇನ್ನೊಬ್ಬರು ಕೇಳುತ್ತಿದ್ದುದನ್ನೇ ಕೇಳಿದರು.

"ಅಳಿಯ ಏನಂತಾನೆ?"

"ಏನೂ ಇಲ್ಲ ಅಂತಾನೆ ದೊಡ್ಡಮ್ಮ. ನಾಲ್ಕನೇ ಸಲಾನೂ."

ಇಬ್ಬರೂ ಒಳಗೆ ಹೋಗಿ, ಗೋಡೆಗೆ ಒರಗಿಸಿಟ್ಟ ದೊಡ್ಡಪ್ಪನ ಚಿತ್ರದ ಮುಂದೆ ಆ ಕಾಗದವನ್ನು ಬಿಡಿಸಿಟ್ಟು ಕಣ್ಣು ಮುಚ್ಚಿದರು. ಸರ್ವರನ್ನೂ ಕಾಯುವ ಭಗವಂತನೇ, ಐವತ್ತು ವರ್ಷ ನೆಲದೊಳಗಿನ ನಿಜವನ್ನು ಎತ್ತಿ ಬೆಳಕಿಗೆ ಹಿಡಿದ ಆ ಜೀವ ಈಗ ನಿನ್ನ ಬಳಿ ಬಂದಿದೆ. ತಾನು ಕಾಣದ ಮಕ್ಕಳಿಗಾಗಿ ಆತ ನೀರು ಕಾದ. ನೀನು ಆತನನ್ನು ಕಾಯಿ. ಮಣ್ಣು ಆತನಿಗೆ ಹಗುರಾಗಿರಲಿ, ತಂಪಾಗಿರಲಿ. ಆ ಆತ್ಮಕ್ಕೆ ಶಾಂತಿಯನ್ನು ಕೊಡು.